ಎರಡು ಜೊತೆ ಪೆಡಲು

ನಾನು ಎರಡೇ ಸೀಟಿನ ಪುಟ್ಟ ವಿಮಾನ. ಅಕ್ಕಪಕ್ಕದ ಎರಡು ಸೀಟಿಗೂ ನನ್ನನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಒಂದೊಂದು ಜೊತೆ ಪೆಡಲು ಇಟ್ಟು, ಅವನ್ನು ಒಳಗಿನಿಂದ ಒಂದಕ್ಕೊಂದು ಜೋಡಿಸಿದ್ದಾರೆ. ಒಬ್ಬರು ಒತ್ತಿದರೆ ಇನ್ನೊಬ್ಬರ ಕಾಲಡಿಯದೂ ಅಲುಗುತ್ತದೆ. ಪಕ್ಕದವರಿಗೆ ಹೇಳದೆ ಯಾರೂ ಒತ್ತಲಾರರು ಎಂದು ನನ್ನನ್ನು ಮಾಡಿದವರು ನಂಬಿದ್ದರು. ಅವರಿಗೆ ಯಂತ್ರಗಳು ಗೊತ್ತಿದ್ದವು, ಗಂಡಸರು ಗೊತ್ತಿರಲಿಲ್ಲ.

ನನ್ನನ್ನು ಮೊದಲು ಕೊಂಡವನು ಒಬ್ಬ ಕಲ್ಲುಗಣಿಯ ಧಣಿ. ಕಪ್ಪು ಕನ್ನಡಕ ಹಾಕಿಕೊಂಡು ನನ್ನ ರೆಕ್ಕೆಗೆ ಒರಗಿ ಫೋಟೋ ತೆಗೆಸಿಕೊಂಡ. ಮೇಲೇರಿದರೆ ಅವನಿಗೆ ವಾಂತಿ. ಬೇಸರ ಬಂದು ನನ್ನನ್ನು ಒಂದು ವಿಮಾನ ತರಬೇತಿ ಶಾಲೆಗೆ ಮಾರಿದ.

ಅಲ್ಲಿ ಕ್ಯಾಪ್ಟನ್ ಜಯತೀರ್ಥ ಗುರುಗಳು. ಮೀಸೆಯನ್ನು ನನ್ನ ಗಾಜಿನಲ್ಲಿ ನೋಡಿಕೊಂಡೇ ಹತ್ತುವವರು. ಗುರು ವಿಮಾನವನ್ನು ತೆಗೆದುಕೊಳ್ಳುವಾಗ "ನನ್ನ ಕೈಯಲ್ಲಿದೆ" ಎನ್ನಬೇಕು, ಶಿಷ್ಯ "ನಿಮ್ಮ ಕೈಯಲ್ಲಿದೆ" ಎಂದು ಬಿಡಬೇಕು. ಹುಡುಗರಿಗೆ ಅವರು ಹಾಗೆ ಹೇಳುತ್ತಿದ್ದರು. ಹುಡುಗಿಯರಿಗೆ ಹೇಳುವುದೇನು ಎಂದು ಸುಮ್ಮನೆ ಪೆಡಲಿನ ಮೇಲೆ ಕಾಲಿಡುತ್ತಿದ್ದರು.

ರೇಣುಕಾ ಹಡಪದ ಬಾಗಲಕೋಟೆ ಕಡೆಯವಳು. ಒಂದು ದಿನ ಅಡ್ಡಗಾಳಿಯಲ್ಲಿ ನನ್ನನ್ನು ನೆಟ್ಟಗೆ ಇಳಿಸುತ್ತಿದ್ದಳು. ಚಕ್ರ ನೆಲ ಮುಟ್ಟುವಾಗ ಕ್ಯಾಪ್ಟನ್ ಸದ್ದಿಲ್ಲದೆ ಬಲಗಾಲು ಒತ್ತಿದರು. ನಾನು ರನ್‌ವೇ ಬಿಟ್ಟು ಪಕ್ಕದ ಸೂರ್ಯಕಾಂತಿ ಹೊಲಕ್ಕೆ ನುಗ್ಗಿದೆ.

"ಗಾಬರಿಯಾದಳು. ರೊಟ್ಟಿ ತಟ್ಟಿದ ಹಾಗಲ್ಲಮ್ಮ ಇದು," ಎಂದರು ಎಲ್ಲರೆದುರು. ಹೋದ ತಿಂಗಳು ಒಬ್ಬ ಹುಡುಗ ಇದೇ ಹೊಲಕ್ಕೆ ನುಗ್ಗಿದಾಗ "ಗಾಳಿ ಜೋರಿತ್ತು" ಎಂದು ಬೆನ್ನು ತಟ್ಟಿದ್ದವರು ಇವರೇ. ರೇಣುಕಾಗೆ ಉಳಿದದ್ದು ಒಂದೇ ಪರೀಕ್ಷೆ, ಅದೂ ಇವರ ಪಕ್ಕದಲ್ಲೇ ಕೂತು. ತಪ್ಪಿದರೆ ಶಾಲೆಯಿಂದ ಹೊರಗೆ.

ನನ್ನ ಮುರಿದ ಮೂಗಿನ ಚಕ್ರ ರಿಪೇರಿಯಾಗುವ ತನಕ ಅವಳು ಬಿಡುವಾದಾಗೆಲ್ಲ ಬಂದು ನನ್ನೊಳಗೆ ಒಬ್ಬಳೇ ಕೂರುತ್ತಿದ್ದಳು. ಪೆಡಲಿನ ಮೇಲಿಟ್ಟ ತನ್ನ ಕಾಲನ್ನೇ ನೋಡುತ್ತಿದ್ದಳು. ಅದು ತನಗೆ ಗೊತ್ತಿಲ್ಲದೆ ಏನೋ ಮಾಡಿರಬೇಕು ಎಂದು ಅವಳಿಗೇ ಅನುಮಾನ ಬಂದಿತ್ತು. ಅಂಥ ಗಂಡಸು ಅಷ್ಟು ಖಚಿತವಾಗಿ ಹೇಳಿದರೆ ಹೆಂಗಸು ಮೊದಲು ತನ್ನನ್ನೇ ತಪಾಸಣೆ ಮಾಡಿಕೊಳ್ಳುತ್ತಾಳೆ. ನನಗೆ ಅವಳ ಮೇಲೂ ಸಿಟ್ಟು ಬಂತು.

ಪರೀಕ್ಷೆಯ ದಿನವೂ ಅದೇ ಗಾಳಿ. ನೆಲ ಹತ್ತಿರವಾಗುತ್ತಿತ್ತು. ಅವಳು ಕಾಲನ್ನು ತುಸು ಸಡಿಲಿಸಿದಳು. ಬಲ ಪೆಡಲು ತಾನಾಗಿಯೇ ಕೆಳಗಿಳಿಯಿತು; ಒತ್ತುತ್ತಿದ್ದುದು ಪಕ್ಕದ ಸೀಟಿನ ಕಾಲು. ಅವಳು ರೇಡಿಯೊ ಗುಂಡಿ ಒತ್ತಿ ನೆಲದ ಕಂಟ್ರೋಲ್ ಟವರಿಗೆ ಹೇಳಿದಳು: "ವಿಮಾನ ಕ್ಯಾಪ್ಟನ್ ಜಯತೀರ್ಥರ ಕೈಯಲ್ಲಿದೆ. ನಾನು ಬಿಟ್ಟಿದ್ದೇನೆ." ಆಮೇಲೆ ಕೈಕಾಲು ತೆಗೆದು, ಮದುವೆಮನೆಯಲ್ಲಿ ಕೂತವಳಂತೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು.

ಟವರಿನವರು ಕೇಳಿದರು: "ಕ್ಯಾಪ್ಟನ್, ನಿಮ್ಮ ಕೈಯಲ್ಲಿದೆಯೇ?"

ಇಲ್ಲ ಎನ್ನುವಂತಿಲ್ಲ, ಬಿಡುವಂತಿಲ್ಲ. "ಹಾಂ... ನನ್ನ ಕೈಯಲ್ಲಿದೆ," ಎಂದರು. ಒಬ್ಬ ಹುಡುಗಿಯ ಪಕ್ಕದಲ್ಲಿ ಆ ಮಾತು ಅವರ ಬಾಯಿಂದ ಮೊದಲ ಸಲ ಬಂದಿತ್ತು. ಬಂದದ್ದೇ ತಡ, ನನ್ನನ್ನು ನೇರ ಸೂರ್ಯಕಾಂತಿ ಹೊಲಕ್ಕೆ ಒಯ್ದರು. ಮೂಗಿನ ಚಕ್ರ ಮತ್ತೆ ಮುರಿಯಿತು, ಜೊತೆಗೆ ಬೆನ್ನೂ.

ಧೂಳು ಇಳಿಯಿತು. ರೇಣುಕಾ ಬೆಲ್ಟ್ ಬಿಚ್ಚುತ್ತಾ ಕೇಳಿದಳು: "ಗಾಳಿ ಜೋರ ಇತ್ತೇನ್ರಿ ಸರ?"

ಟವರಿನವರೇ ಸಾಕ್ಷಿಯಾದ್ದರಿಂದ ಬೇರೆ ಗುರು, ಬೇರೆ ವಿಮಾನದಲ್ಲಿ, ಅವಳನ್ನು ಪರೀಕ್ಷಿಸಿದರು. ಅವಳು ಒಬ್ಬಳೇ ಹಾರಿ ಇಳಿದ ದಿನ ಗೆಳತಿಯರು ಶಾಲೆಯ ಪದ್ಧತಿಯಂತೆ ತಲೆಯ ಮೇಲೆ ಬಕೆಟ್ ನೀರು ಸುರಿದದ್ದನ್ನು ಶೆಡ್ಡಿನಿಂದ ನೋಡಿದೆ. ನಾನು ಮತ್ತೆ ಹಾರಲಿಲ್ಲ. ಅದಕ್ಕೆ ನನಗೆ ದುಃಖವೂ ಇಲ್ಲ.

ಈಗ ಒಂದು ಎಂಜಿನಿಯರಿಂಗ್ ಕಾಲೇಜಿನ ಗೇಟಿನ ಬಳಿ ಸಿಮೆಂಟ್ ಇಟ್ಟಿಗೆಗಳ ಮೇಲೆ ನಿಂತಿದ್ದೇನೆ. ವಾರ್ಷಿಕೋತ್ಸವಕ್ಕೆ ಜಯತೀರ್ಥರು ಅತಿಥಿಯಾಗಿ ಬಂದಿದ್ದರು. ನನ್ನ ಮೂಗು ಸವರಿ, "ಪಾಪ, ಒಬ್ಬಳು ಹುಡುಗಿ ಕೆಡವಿದಳು," ಎಂದರು. ಎಲ್ಲರೂ ನಕ್ಕರು. ಕ್ಯಾಪ್ಟನ್ ಮೀಸೆಗೆ ಬಣ್ಣ ಹಚ್ಚಿದ್ದರು.

ದಿನಾ ಮಧ್ಯಾಹ್ನ ಕಾಲೇಜಿನ ಇಬ್ಬರು ಹುಡುಗಿಯರು ಬುತ್ತಿ ಹಿಡಿದು ನನ್ನೊಳಗೆ ಬಂದು ಕೂರುತ್ತಾರೆ. ಒಬ್ಬಳು ಪೆಡಲು ಒತ್ತಿದರೆ ಇನ್ನೊಬ್ಬಳ ಚಪ್ಪಲಿ ಎದ್ದು ಬರುತ್ತದೆ.

"ಹೇಳಿ ಒತ್ತೇ ಮಾರಾಯ್ತಿ," ಎನ್ನುತ್ತಾಳೆ ಅವಳು, ಬಾಯಲ್ಲಿ ಅನ್ನ ಇಟ್ಟುಕೊಂಡೇ.