ಗಾಜಿನಮ್ಮನ ಹೆಸರಿನ ಭವನ

ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಮೂವತ್ತಾರು ವರ್ಷ ಗಾಜು ಊದಿ ಉಪಕರಣ ಮಾಡಿಕೊಟ್ಟವಳನ್ನು ಎಲ್ಲರೂ ಗಾಜಿನಮ್ಮ ಎಂದೇ ಕರೆಯುತ್ತಿದ್ದರು. ಅವಳು ನಿವೃತ್ತಳಾಗಿ ಆರು ವರ್ಷವಾದ ಮೇಲೆ, ಒಂದು ಬೆಳಿಗ್ಗೆ ವಿಭಾಗದ ಮುಖ್ಯಸ್ಥನ ಫೋನು ಬಂತು. ಹಿಂದೊಮ್ಮೆ ವಿದ್ಯಾರ್ಥಿಯಾಗಿದ್ದಾಗ ನಳಿಕೆ ಒಡೆದು ಅವಳಿಂದ ಚೆನ್ನಾಗಿ ಬೈಸಿಕೊಂಡವನು ಅವನು.

"ಅಮ್ಮಾ, ಈಗಲೇ ಬನ್ನಿ. ಯಾಕೆ ಅಂತ ಮಾತ್ರ ಕೇಳಬೇಡಿ."

"ಏನೋ ದೊಡ್ಡದನ್ನೇ ಒಡೆದಿರಬೇಕು ಕಣೇ," ಎನ್ನುತ್ತ ಗಾಜಿನಮ್ಮ ಮೊಮ್ಮಗಳನ್ನು ಕರೆದುಕೊಂಡು ದಡಬಡನೆ ಹೊರಟಳು.

ಅಲ್ಲಿ ಹೊಸ ವಿಜ್ಞಾನ ಭವನ ನಾಲ್ಕು ಮಹಡಿ ಎದ್ದು ನಿಂತಿತ್ತು. ಏಣಿ ಹತ್ತಿದ್ದ ಕೆಲಸಗಾರ ಬಾಗಿಲ ಮೇಲೆ ಕೊನೆಯ ಅಕ್ಷರ ಬಿಗಿಯುತ್ತಿದ್ದ.

"ಅಜ್ಜೀ! ನಿನ್ನ ಹೆಸರು!" ಮೊಮ್ಮಗಳು ಕಿರುಚಿದಳು.

ಗಾಜಿನಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. "ಅದೇ ಹೆಸರಿನ ದೊಡ್ಡವರು ಯಾರೋ ಇರಬೇಕು."

"ನೀವೇ ಅಮ್ಮ," ಎಂದ ಬಾಗಿಲಲ್ಲೇ ಕಾಯುತ್ತಿದ್ದ ಮುಖ್ಯಸ್ಥ. "ನಮ್ಮ ಪ್ರಯೋಗಗಳೆಲ್ಲ ನಡೆದದ್ದು ನೀವು ಊದಿದ ಗಾಜಿನಲ್ಲೇ. ಯಾರ ಹೆಸರಿಡೋಣ ಅಂತ ಹಳೇ ವಿದ್ಯಾರ್ಥಿಗಳನ್ನ ಕೇಳಿದ್ವಿ. ಎಲ್ಲರೂ ನಿಮ್ಮ ಹೆಸರೇ ಬರೆದ್ರು."

ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎರಡೆರಡು ಮೆಟ್ಟಿಲು ಹತ್ತಿ, ಕಂಡ ಕಂಡ ಬಾಗಿಲು ತೆಗೆದು, ನಲ್ಲಿಗಳನ್ನೆಲ್ಲ ತಿರುಗಿಸಿ ನೋಡಿದಳು. ನಾಲ್ಕನೇ ಮಹಡಿಯಲ್ಲಿ ಗಕ್ಕನೆ ನಿಂತಳು.

"ಗಾಜು ಊದೋ ಕೋಣೆ ಎಲ್ಲಪ್ಪಾ?"

ಮುಖ್ಯಸ್ಥ ತಲೆ ಕೆರೆದುಕೊಂಡ. "ಈಗ ಎಲ್ಲಾ ಹೊರಗಿಂದ ತರಿಸ್ತೀವಿ..."

"ಹಾಗಾದ್ರೆ ಆ ಏಣಿಯವನಿಗೆ ಅಕ್ಷರ ಬಿಚ್ಚೋಕೆ ಹೇಳು."

ಅವನು ನಕ್ಕ. ಅವಳು ನಗಲಿಲ್ಲ. ಅವನ ನಗು ಅರ್ಧಕ್ಕೇ ನಿಂತಿತು. ಕ್ಷಣ ಯೋಚಿಸಿ, ಅವಳನ್ನು ಕೆಳಗಿನ ಮಹಡಿಯ ಮೂಲೆಗೆ ಕರೆದೊಯ್ದ. ದೊಡ್ಡ ಕಿಟಕಿಯ, ವಿಶಾಲವಾದ ಕೋಣೆ; ಗೋಡೆಯಾಚೆಯೇ ಗ್ಯಾಸಿನ ಕೊಳವೆ.

"ಇದು ನನಗೆ ಅಂತ ಕಟ್ಟಿಸಿದ್ದು. ತಗೊಳ್ಳಿ. ಆದ್ರೆ ಕಲಿಸೋಕೆ ನೀವೇ ಬರಬೇಕು."

"ಬರದೆ ಏನು! ನಾಳೆಯಿಂದಲೇ ಅಂದ್ರೂ ತಯಾರು!"

ತಿಂಗಳೊಳಗೆ, ಅವಳು ಹಿಂದೆ ಗಾಜು ಊದುತ್ತಿದ್ದ ಹಳೇ ಶೆಡ್ಡಿನಿಂದ ಅವಳ ಬರ್ನರ್ ಬಂತು. ಮೊದಲ ದಿನವೇ ಹನ್ನೊಂದು ವಿದ್ಯಾರ್ಥಿಗಳು ನೂಕುನುಗ್ಗಲಾಗಿ ಬಂದರು. ಮುಂದೆ ನುಸುಳಿದವಳು ಮೊಮ್ಮಗಳು. ನೀಲಿ ಉರಿಯಲ್ಲಿ ನಳಿಕೆ ಕೆಂಪಾಗಿ ಮೆತ್ತಗಾಯಿತು. ಹುಡುಗಿ ಕೆನ್ನೆಯುಬ್ಬಿಸಿ ಊದಿದಳು. ನಳಿಕೆಯ ತುದಿಯಲ್ಲಿ ಮೂಡಿದ ಗಾಜಿನ ಬುರುಡೆ ಒಂದು ಪಕ್ಕಕ್ಕೆ ಊದಿಕೊಂಡಿತು.

"ಸೊಟ್ಟಗಾಯ್ತಲ್ಲ ಅಜ್ಜಿ!"

"ನಂದು ಮೊದಲನೇದು ಇದಕ್ಕಿಂತ ಸೊಟ್ಟ ಇತ್ತು," ಎಂದು ಗಾಜಿನಮ್ಮ ಹಿಗ್ಗಿನಿಂದ ಕೂಗಿದಳು. "ಹೂಂ, ಮುಂದಿನವರು ಯಾರ್ರೋ?"