ಬಲಗಡೆ ತಟ್ಟೆಯ ಹುಳು

ಕುರುಡುಮಲೆ ಸುತ್ತಿನ ಆ ಊರಿನಲ್ಲಿ ಯಾರ ಮನೆಗೆ ರೇಷ್ಮೆ ಮರಿಹುಳು ಬಂದರೂ ಮೊದಲ ಸೊಪ್ಪು ಬೈರಮ್ಮನ ಕೈಯಿಂದಲೇ ಬೀಳಬೇಕು. ನಲವತ್ತು ವರ್ಷದಿಂದ ನಡೆದು ಬಂದದ್ದು. ಕಾಲು ತೊಳೆದು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈ ಅದ್ದಿ, ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪನ್ನು ಒಂದು ಹಿಡಿ ಉದುರಿಸಿ ಬಂದಳೆಂದರೆ ಆ ಮನೆಯವರಿಗೆ ಗೂಡು ಕಟ್ಟಿದಷ್ಟೇ ನೆಮ್ಮದಿ.

ಅವಳ ಮೊಮ್ಮಗಳು ಮೇಘನ ಕೋಲಾರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಳು. ಮೂರು ವರ್ಷಕ್ಕೆ ಡಿಗ್ರಿ ಕೊಟ್ಟು ಕಳಿಸುತ್ತಾರೆ, ಇನ್ನೊಂದು ವರ್ಷ ಇದ್ದು ಸ್ವಂತವಾಗಿ ಏನಾದರೂ ಕಂಡುಹಿಡಿದು ಬರೆದುಕೊಟ್ಟರೆ ಆನರ್ಸ್ ಅನ್ನುತ್ತಾರೆ. ಆನರ್ಸ್ ಬಂದರೆ ಮುಂದಕ್ಕೆ ಓದು, ಇಲ್ಲವಾದರೆ ಅಮ್ಮ ಸುನಂದ ಹತ್ತುವ ನರಸಾಪುರದ ಕಂಪನಿ ಬಸ್ಸು. ಬೈರಮ್ಮನಿಗೆ ತಿಳಿದದ್ದು ಇಷ್ಟೇ. ಸೊಸೆ ಶಿಫ್ಟು ಮುಗಿಸಿ ಬಂದು ಊದಿದ ಕಾಲನ್ನು ಗೋಡೆಗೆ ಎತ್ತಿಟ್ಟು ಮಲಗುವುದನ್ನು ಅವಳು ದಿನವೂ ನೋಡುತ್ತಿದ್ದಳು.

ಆ ನಾಲ್ಕನೇ ವರ್ಷದ ಕೆಲಸಕ್ಕೆ ಮೇಘನ ಹಿಡಿದದ್ದು ಹಾಲುತೊಂಡೆ ರೋಗವನ್ನು. ಹುಳು ಊದಿಕೊಂಡು, ಚರ್ಮ ಒಡೆದು, ಹಾಲಿನಂಥ ನೀರು ಸೋರಿ ಸಾಯುತ್ತದಲ್ಲ, ಅದು. ಲಕ್ಕಿ ಸೊಪ್ಪಿನ ಕಷಾಯಕ್ಕೆ ಅದು ಬಗ್ಗುತ್ತದೋ ಇಲ್ಲವೋ ನೋಡಬೇಕಿತ್ತು. ಅಜ್ಜಿ ರೇಷ್ಮೆ ಸಾಕುವ ಹುಳುಮನೆಯಿಂದ ದೂರಕ್ಕೆ, ಹಳೇ ಕೊಟ್ಟಿಗೆಯಲ್ಲಿ, ಎರಡು ಬಿದಿರು ತಟ್ಟೆ ಇಟ್ಟು ನೂರು ನೂರು ಹುಳು ಬಿಟ್ಟಳು. ಎರಡಕ್ಕೂ ರೋಗದ ನೀರು ಸವರಿದ ಸೊಪ್ಪು. ಆಮೇಲೆ ಬಲಗಡೆ ತಟ್ಟೆಗೆ ಮಾತ್ರ ಕಷಾಯ.

"ಅಜ್ಜಿ, ಸೊಪ್ಪು ಹಾಕು ಸಾಕು. ಸತ್ತಿದ್ದನ್ನ ಮುಟ್ಬೇಡ. ಸಾಯಂಕಾಲ ಬಂದು ನಾನೇ ಎಣಿಸ್ತೀನಿ."

"ಕೊಳೆಯೋ ಹುಳಾನ ತಟ್ಟೇಲಿ ಬಿಡೋದೇನೇ, ಥೂ! ನಿಮ್ ಮೇಷ್ಟ್ರು ಯಾವತ್ತಾದ್ರೂ ಹುಳ ಸಾಕವ್ರಾ?"

"ಸಾಕಿಲ್ಲ, ಓದವ್ರೆ. ನೀನು ಮುಟ್ಬೇಡ, ಅಷ್ಟೆ."

ಆರನೇ ದಿನ, ಸೋಮವಾರ, ಮೇಘನ ಬೆಳಗಿನ ಬಸ್ಸಿಗೆ ಹೋದ ಮೇಲೆ ಬೈರಮ್ಮ ಕೊಟ್ಟಿಗೆಗೆ ಹೋದಳು. ಎಡಗಡೆ ತಟ್ಟೆಯ ಹುಳು ಊದಿದ್ದವು. ಅವು ಔಷಧಿ ಇಲ್ಲದವು, ಸಾಯಲೆಂದೇ ಇಟ್ಟವು, ಸಾಯಲಿ ಅಂದುಕೊಂಡಳು. ಬಲಗಡೆ ನೋಡಿದಳು. ಅಲ್ಲೂ ನಾಲ್ಕು ಹುಳು ತಟ್ಟೆಯ ಅಂಚು ಹತ್ತಿ ಹಳದಿಗೆ ತಿರುಗಿದ್ದವು. ಬೆಳೆ ಕೈಗೆ ಬಂದರೆ ಬೇಸಾಯ ಮಾಡಿದವ ಗೆದ್ದ, ಹೋದರೆ ಸೋತ. ಪರೀಕ್ಷೆಯೂ ಹಾಗೇ ಇದ್ದೀತು ಎಂಬುದು ಅವಳ ಎಣಿಕೆ. ಔಷಧಿ ಕೊಟ್ಟ ಹುಳು ಸತ್ತರೆ ಮಗುವನ್ನು ಯಾರು ಪಾಸು ಮಾಡುತ್ತಾರೆ?

ನಾಲ್ಕನ್ನೂ ಕಡ್ಡಿಯಲ್ಲಿ ಎತ್ತಿ ಸುಣ್ಣದ ಬಕೆಟ್ಟಿಗೆ ಹಾಕಿದಳು. ಕೈ ತೊಳೆದು ಹುಳುಮನೆಗೆ ಹೋಗಿ, ಅದೇ ವಯಸ್ಸಿನ ನಾಲ್ಕು ಗಟ್ಟಿ ಹುಳು ಆರಿಸಿ ತಂದು ಬಿಟ್ಟಳು. ಮಂಗಳವಾರವೂ ಹಾಗೇ ಮಾಡಿದಳು, ಬುಧವಾರವೂ. ಶುಕ್ರವಾರದ ತನಕ ನಡೆಯಿತು.

ಅವಳ ಕೈ ತಪ್ಪಿಸಿಕೊಂಡವೂ ಇದ್ದವು. ಕೊನೆಗೆ ಮೇಘನಳ ಲೆಕ್ಕದಲ್ಲಿ ಎಡಗಡೆ ಸತ್ತವು ಎಪ್ಪತ್ತೊಂದು, ಬಲಗಡೆ ಒಂಬತ್ತು. ಹುಡುಗಿ ಕೊಟ್ಟಿಗೆಯಲ್ಲೇ ಕುಣಿದಳು. ಗೈಡ್ ಆಗಿದ್ದ ಚಂದ್ರಮೋಹನ್ ಮೇಷ್ಟ್ರು ಮೂರು ಸಲ ಫೋನು ಮಾಡಿದರಂತೆ. ಆ ರಾತ್ರಿ ಸುನಂದ ಪಾಯಸ ಮಾಡಿದಳು. ಬೈರಮ್ಮನೂ ಒಂದು ಲೋಟ ಕುಡಿದಳು.

ತಿಂಗಳು ಕಳೆಯಿತು. ಪಕ್ಕದ ಮನೆ ಅಂಜಮ್ಮನ ಹುಳು ನಾಲ್ಕನೇ ಜ್ವರ ಎದ್ದು, ಕೊನೇ ಸಲ ಪೊರೆ ಕಳಚಿ, ದಪ್ಪ ಮೇವು ತಿನ್ನುವ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಊದತೊಡಗಿದವು. ಅವಳು ಓಡಿ ಬಂದಳು.

"ಬೈರಕ್ಕಾ, ನಿಮ್ ಹುಡುಗೀಗೆ ಕಷಾಯ ಹೇಳ್ಕೊಡಮ್ಮ ಅನ್ನು. ಆ ತಟ್ಟೆ ನಾನೇ ಕಣ್ಣಾರೆ ನೋಡಿದೀನಿ."

ಮೇಘನ ಹಿಂಜರಿದಳು. "ಇನ್ನೂ ರಿಪೋರ್ಟ್ ಆಗಿಲ್ಲ ಅತ್ತೆ. ಹುಳದ ಮೇಲೆ ಸುಣ್ಣ, ಪೌಡರು ಉದುರಿಸೋದು ಬಿಡ್ಬೇಡಿ."

"ನೂರಕ್ಕೆ ತೊಂಬತ್ತೊಂದು ಉಳೀತು ಅಂದ್ಮೇಲೆ ಸುಣ್ಣ ಯಾಕೆ ತಾಯಿ? ಹೇಳಕ್ಕಾ ನೀನಾದ್ರೂ."

ಬೈರಮ್ಮ ಬಾಗಿಲ ಬಳಿ ಸೊಪ್ಪಿನ ಕಂತೆ ಬಿಚ್ಚುತ್ತಿದ್ದಳು. ನಾಲಗೆ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಪರೀಕ್ಷೆ ಒಂದು ಮುಗಿಯಲಿ, ಆಮೇಲೆ ನೋಡೋಣ. "ಹೇಳ್ಕೊಡೇ" ಎಂದಷ್ಟೇ ಅಂದಳು.

ನಾಲ್ಕನೇ ದಿನಕ್ಕೆ ಅಂಜಮ್ಮನ ಮನೆಯಿಂದ ವಾಸನೆ ಬೀದಿಗೆ ಬಂತು. ಸುಣ್ಣವಿಲ್ಲ, ಮೇಲೆ ಕಷಾಯದಲ್ಲಿ ಅದ್ದಿದ ಒದ್ದೆ ಸೊಪ್ಪು. ಒಂದೂ ಉಳಿಯಲಿಲ್ಲ. ಗಂಡ ಕದಿರೇಶ ತೋಟದಲ್ಲಿ ಗುಂಡಿ ತೋಡಿದ, ಅಂಜಮ್ಮ ಮಂಕರಿಯಲ್ಲಿ ಹೊತ್ತು ಸುರಿದಳು. ಬೈರಮ್ಮನೂ ಹೊತ್ತಳು. ಮಂಕರಿಯಿಂದ ಸೋರಿದ ಹಾಲುನೀರು ಅವಳ ಕುತ್ತಿಗೆಗೆ ಇಳಿಯುತ್ತಿತ್ತು.

"ಪೋನೀಲೇ ಅಕ್ಕಾ," ಅಂಜಮ್ಮ ಗುಂಡಿಯ ಅಂಚಿನಲ್ಲಿ ಕುಳಿತು ಹೋಗಲಿ ಬಿಡು ಎಂದು ತೆಲುಗಿನಲ್ಲಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. "ಔಷಧೀನ ಯಾಕೆ ಅನ್ಲಿ? ನನ್ ಕೈಯೇ ದರಿದ್ರದ್ದು. ಇದರಲ್ಲಿ ಮುಟ್ಟಿದ್ದೆಲ್ಲ ಹಿಂಗೇ ಆಗ್ತದೆ," ಎಂದು ತನ್ನ ಬಲಗೈಯನ್ನು ಎಡಗೈಯಿಂದ ಹೊಡೆದುಕೊಂಡಳು.

ಬೈರಮ್ಮ ಮನೆಗೆ ಬಂದು ಕೈ ತೊಳೆದಳು. ಮತ್ತೆ ತೊಳೆದಳು. ಮೇಘನ ಜಗಲಿಯ ಮೇಲೆ ಕೂತು, ಬರುವ ಸೋಮವಾರ ಮೇಷ್ಟ್ರುಗಳ ಮುಂದೆ ಹೇಳಬೇಕಾದದ್ದನ್ನು ಬಾಯಿಪಾಠ ಮಾಡುತ್ತಿದ್ದಳು. ಅಜ್ಜಿ ಎದುರಿಗೆ ಕುಕ್ಕರಗಾಲಲ್ಲಿ ಕೂತು, ತಲೆ ಎತ್ತದೆ ಎಲ್ಲವನ್ನೂ ಹೇಳಿದಳು.

ಹುಡುಗಿ ಪುಸ್ತಕ ಮಡಿಲಿಗೆ ಇಳಿಸಿದಳು. ಬೈಯಲಿಲ್ಲ. ಆಮೇಲೆ ಕೇಳಿದಳು.

"ಎಷ್ಟು ತೆಗೆದೆ ಅಜ್ಜಿ? ನೆನಪೈತಾ?"

ಅಕ್ಷರ ಬಾರದ ಬೈರಮ್ಮನಿಗೆ ನೆನಪೇ ಪುಸ್ತಕ. "ಸೋಮವಾರ ನಾಲ್ಕು. ಮಂಗಳವಾರ ಹನ್ನೊಂದು. ಬುಧವಾರ ಹತ್ತೊಂಬತ್ತು, ಅವತ್ತೇ ಜಾಸ್ತಿ. ಗುರುವಾರ ಹದಿನೇಳು. ಶುಕ್ರವಾರ ಹನ್ನೆರಡು."

ಮೇಘನ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದುಕೊಂಡು ಕೂಡಿದಳು. ಅರವತ್ತಮೂರು. ಜೊತೆಗೆ ತಾನೇ ಎಣಿಸಿದ್ದ ಒಂಬತ್ತು. ಎಪ್ಪತ್ತೆರಡು. ಎಡಗಡೆ ಎಪ್ಪತ್ತೊಂದು.

"ಕಷಾಯ ಏನೂ ಮಾಡಿಲ್ಲ," ಅಂದಳು.

"ಹಂಗಂತಲೇ ಬರ್ಕೊಡು ಕಣೇ. ಏನೂ ಮಾಡಿಲ್ಲ ಅಂತ."

"ಹಂಗೆ ಬರೆದಿದ್ರೂ ಪಾಸ್ ಮಾಡ್ತಿದ್ರು ಅಜ್ಜಿ." ಮೇಘನ ಪುಸ್ತಕ ಮುಚ್ಚಿದಳು. "ಸತ್ತಿದ್ರೂ ಪಾಸೇ. ಎಷ್ಟು ಸತ್ವು ಅಂತ ನಿಜ ಬರೆದಿದ್ರೆ ಸಾಕಿತ್ತು. ಹೊಸ ಹುಳ ಬೆರೆಸಿದ್ಮೇಲೆ ಈಗ ಯಾವ್ದೂ ನಡೆಯಲ್ಲ."

ಹುಳು ಸತ್ತರೂ ಪಾಸಾಗುವ ಪರೀಕ್ಷೆಯೊಂದು ಇರಬಹುದೆಂದು ಬೈರಮ್ಮನ ಕನಸಿಗೂ ಹೊಳೆದಿರಲಿಲ್ಲ.

ಮೇಘನ ಅಂಗಳಕ್ಕೆ ಹೋಗಿ ಮೇಷ್ಟ್ರಿಗೆ ಫೋನು ಮಾಡಿದಳು. ಹೊಸದಾಗಿ ತಟ್ಟೆ ಇಡಲು ಸಮಯ ಉಳಿದಿರಲಿಲ್ಲ. ಮೇಷ್ಟ್ರು ಮೊದಲು ರೇಗಿದರಂತೆ, ಆಮೇಲೆ ದನಿ ತಗ್ಗಿಸಿ, ಹೇಳಿದ್ದು ಒಳ್ಳೇದಾಯ್ತಮ್ಮ, ಮೂರು ವರ್ಷದ ಡಿಗ್ರಿ ಇದ್ದೇ ಇದೆಯಲ್ಲ, ಅಂದರಂತೆ.

ಬೈರಮ್ಮ ಅದೇ ಸಂಜೆ ಅಂಜಮ್ಮನ ಮನೆಗೆ ಹೋದಳು. ಒಳಗೆ ಕಾಲಿಡಲಿಲ್ಲ. "ನಿನ್ ಕೈ ಚೆನ್ನಾಗೈತೆ ಅಂಜೂ. ದರಿದ್ರ ನಂದು," ಎಂದು ಶುರುಮಾಡಿ ನಡೆದದ್ದನ್ನೆಲ್ಲ ಹೇಳಿ ಮುಗಿಸಿದಳು.

ಅಂಜಮ್ಮ ಒರಳಿನ ಮೇಲೆ ಕೂತೇ ಕೇಳಿದಳು. "ಅವತ್ತು ಸೊಪ್ಪು ಬಿಚ್ತಾ ಇದ್ಯಲ್ಲಕ್ಕಾ," ಅಂದಳು. "ನಾನು ನಿನ್ನೇ ಕೇಳಿದೆ. ನಿನ್ ಮುಖ ನೋಡಿ ಕೇಳಿದೆ."

ಬೈರಮ್ಮ ಬಂದ ದಾರಿಯಲ್ಲೇ ಮನೆಗೆ ನಡೆದಳು.

ಎರಡು ತಿಂಗಳಿಗೆ ಅಂಜಮ್ಮನ ಮನೆಗೆ ಹೊಸ ಮರಿಹುಳು ಬಂತು. ತಟ್ಟೆ ಇಳಿಸುವ ಸದ್ದು ಕೇಳಿ ಬೈರಮ್ಮ ಎಂದಿನಂತೆ ಕಾಲು ತೊಳೆದಳು, ಬ್ಲೀಚಿಂಗ್ ನೀರಿನಲ್ಲಿ ಕೈ ಅದ್ದಿದಳು, ಜಗಲಿಗೆ ಬಂದು ಕೂತಳು. ಕೈ ಆರಿತು. ಗೋಡೆಯ ಆಚೆ ಸೊಪ್ಪು ಹೆಚ್ಚುವ ಸದ್ದು, ಈ ಸಲ ಮೊದಲ ಸೊಪ್ಪು ಹಾಕಲು ಬಂದ ಮೇಲಿನ ಬೀದಿಯ ಭಾರತಮ್ಮನ ದನಿ. ಕರೆಯಲು ಯಾರೂ ಬರಲಿಲ್ಲ.

ಬೀದಿಯ ತುದಿಯಲ್ಲಿ ಕಂಪನಿ ಬಸ್ಸು ಹಾರನ್ ಹೊಡೆಯಿತು. ಒಂದೇ ತರದ ನೀಲಿ ಕೋಟು ತೊಟ್ಟು, ಊಟದ ಡಬ್ಬಿ ಹಿಡಿದು, ತಾಯಿ ಮಗಳು ಹೊರಬಂದರು. "ಬರ್ತೀನಿ ಅಜ್ಜಿ," ಅಂದಳು ಮೇಘನ. ಬೈರಮ್ಮ ಆರಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ತಲೆಯಾಡಿಸಿದಳು.