ತೊಳೆಯಲು ಬರುವ ನೆಲ

ಮೂರು ಬೋಲ್ಟು ಬಿಚ್ಚಿಕೊಂಡವು, ನಾಲ್ಕನೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಲಿನ್‌ವುಡ್ ತನ್ನ ಪಿಕಪ್ ಗಾಡಿಯ ಬಾಗಿಲಲ್ಲಿ ಅಡ್ಡಡ್ಡ ಮಲಗಿ, ಸೀಟಿನ ಅಡಿಗೆ ತಲೆ ತೂರಿಸಿ, ಸ್ಪ್ಯಾನರಿನ ಹಿಡಿಗೆ ಕಬ್ಬಿಣದ ಪೈಪು ಸಿಕ್ಕಿಸಿಕೊಂಡು ಜಗ್ಗುತ್ತಿದ್ದ. ಮೇಯ್ನ್ ರಾಜ್ಯದ ಕರಾವಳಿಯ ಗಾಡಿಗಳಿಗೆ ವರ್ಷವಿಡೀ ಉಪ್ಪಿನ ಕಾಟ. ಸಮುದ್ರದ್ದು ಸಾಲದು ಎಂಬಂತೆ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೂ ಉಪ್ಪು ಸುರಿಯುತ್ತಾರೆ. ಬೋಲ್ಟಿಗೂ ಮನುಷ್ಯನಿಗೂ ಇಲ್ಲಿ ಒಂದೇ ಹಣೆಬರಹ, ವಯಸ್ಸಾದ ಮೇಲೆ ಕೂತಲ್ಲಿಂದ ಏಳುವುದಿಲ್ಲ.

“ಏನಯ್ಯಾ, ನೀನು ಗಾಡೀನ ನುಂಗ್ತಾ ಇದ್ದೀಯೋ, ಗಾಡಿ ನಿನ್ನ ನುಂಗ್ತಾ ಇದೆಯೋ?” ಎನ್ನುತ್ತ ಪಕ್ಕದ ಮನೆಯ ಮರ್ಟನ್ ಕಾಫಿ ಲೋಟ ಹಿಡಿದುಕೊಂಡೇ ಬಂದ. ಇಬ್ಬರೂ ಒಂದೇ ಬಂದರಿನಿಂದ ಲಾಬ್‌ಸ್ಟರ್ ಹಿಡಿಯಲು ಹೋಗುತ್ತಿದ್ದವರು. ಈಗ ಇಬ್ಬರ ದೋಣಿಯೂ ಬೇರೆಯವರ ಪಾಲಾಗಿತ್ತು.

“ಬಾಯಿ ಮುಚ್ಕೊಂಡು ಪೈಪ್ ಹಿಡಿ.”

ಇಬ್ಬರೂ ಸೇರಿ ಜಗ್ಗಿದಾಗ ಬೋಲ್ಟು ಕಿರ್ರೆಂದು ಸಡಿಲಗೊಂಡಿತು. ಸೀಟನ್ನು ಎತ್ತಿ ಅಂಗಳದಲ್ಲಿಟ್ಟು ಮರ್ಟನ್ ಸೊಂಟ ನೀವಿಕೊಂಡ. “ಮುದಿ ಗಾಡಿಗೆ ಈಗ್ಯಾಕೆ ಮದುವಣಗಿತ್ತಿ ಸಿಂಗಾರ? ಕಾರ್ಪೆಟ್ ಚೆನ್ನಾಗೇ ಇದೆಯಲ್ಲ?”

“ಕೆಳಗಡೆ ತುಕ್ಕು,” ಎಂದ ಲಿನ್‌ವುಡ್. “ಎಲ್ಲಾ ಕಿತ್ತು ಹಾಕಿ ಕಪ್ಪು ಲೇಪ ಬಳೀತೀನಿ. ಹಿಂದುಗಡೆ ಸಾಮಾನು ಹಾಕೋ ಜಾಗಕ್ಕೆ ಬಳೀತಾರಲ್ಲ, ಅದನ್ನೇ.”

ಕಾರ್ಪೆಟ್ಟು ಇನ್ನೂ ಅಂಟಿಕೊಂಡೇ ಇತ್ತು. ಅದರ ಅಡಿಯಲ್ಲಿ ಏನಿದೆಯೆಂದು ಹೇಳಿದವನಿಗೇ ಗೊತ್ತಿರಲಿಲ್ಲ. ಮರ್ಟನ್ ಬಗ್ಗಿ ನೋಡುವ ಮೊದಲೇ ಲಿನ್‌ವುಡ್ ಬಾಗಿಲನ್ನು ದಬಕ್ಕನೆ ಹಾಕಿದ. ಗೆಳೆಯನನ್ನು ಸಾಗಹಾಕಿದ ಮೇಲೆಯೇ ಮತ್ತೆ ತೆರೆದದ್ದು.

ತುಕ್ಕು ನೆಪ. ಅವನ ಹೆಂಡತಿ ಏವಿಸಳಿಗೆ ನಡುಕದ ಕಾಯಿಲೆ. ಮೊದಲು ಕೈ ಹೋಯಿತು, ಆಮೇಲೆ ಕಾಲು, ಆಮೇಲೆ ದನಿ. ಈಗ ಅವಳು ಮಾತಾಡಿದರೆ ಕಿವಿಯನ್ನು ಅವಳ ಬಾಯಿಯ ಹತ್ತಿರ ಒಯ್ಯಬೇಕು. ಎಲೆ ಉದುರುವ ಕಾಲದಲ್ಲಿ ತಂಗಿಯ ಮನೆಗೆ ಹೋಗಿ ಬರುವಾಗ, ದಾರಿಯಲ್ಲಿ, ಈ ಗಾಡಿಯಲ್ಲಿಯೇ ಅವಳಿಗೆ ತಡೆದುಕೊಳ್ಳಲಾಗದೆ ಬಟ್ಟೆಯೂ ಸೀಟೂ ಕಾಲಡಿಯ ಕಾರ್ಪೆಟ್ಟೂ ಒದ್ದೆಯಾದವು. ಏನು ಹೇಳಬೇಕೆಂದು ತೋಚದೆ ಲಿನ್‌ವುಡ್ ಏನೂ ಆಗಿಲ್ಲವೆಂಬಂತೆ ಶಿಳ್ಳೆ ಹಾಕತೊಡಗಿದ. ಒಳ್ಳೆಯ ಮನುಷ್ಯನೇ, ಆದರೆ ಸಮಯಕ್ಕೆ ಸರಿಯಾದ ಮಾತು ಅವನ ಬಾಯಿಗೆ ಎಂದೂ ಬಂದದ್ದಿಲ್ಲ. ಸೀಟನ್ನು ಒರೆಸಿದರೆ ಹೋಯಿತು. ಕಾರ್ಪೆಟ್ಟಿಗೆ ಸೋಪು ಹಾಕಿ ಉಜ್ಜಿದ, ವಿನೆಗರ್ ಸುರಿದ, ಬಿಸಿಲಿಗೆ ಬಾಗಿಲು ತೆರೆದಿಟ್ಟ. ವಾಸನೆ ಹೋಗಲಿಲ್ಲ. ಏವಿಸ್ ಮತ್ತೆ ಆ ಗಾಡಿ ಹತ್ತಲಿಲ್ಲ.

ಆಮೇಲೆ ಅವಳು ಮೇಲಿಂದ ಮೇಲೆ ಬಿದ್ದಳು. ಎತ್ತಲು ಹೋಗಿ ಇವನ ಬೆನ್ನು ಹಿಡಿದುಕೊಂಡಿತು. ಕೊನೆಗೆ ಪೇಟೆಯ ಆರೈಕೆ ಕೇಂದ್ರದಲ್ಲಿ ಒಂದು ಹಾಸಿಗೆ ಗೊತ್ತಾಯಿತು. ಗುರುವಾರ ಹೋಗಬೇಕು. “ಅವರ ವ್ಯಾನೇ ಬರುತ್ತೆ. ನಿನ್ನ ಗಾಡಿ ಬೇಡ,” ಎಂದಿದ್ದಳು ಏವಿಸ್. ಅವಳು ಹೋಗುವುದನ್ನು ಲಿನ್‌ವುಡ್ ಹೇಗೋ ಒಪ್ಪಿಕೊಂಡಿದ್ದ, ಬೇರೆ ದಾರಿಯಿರಲಿಲ್ಲ. ಆದರೆ ಮದುವೆಯಾದಂದಿನಿಂದ ತನ್ನ ಪಕ್ಕದಲ್ಲಿ ಕೂತು ಓಡಾಡಿದವಳನ್ನು ಯಾರೋ ಅಪರಿಚಿತರು ವ್ಯಾನಿನ ಹಿಂಬಾಗಿಲಿನಿಂದ ಸಾಮಾನಿನಂತೆ ಏರಿಸಿಕೊಂಡು ಹೋಗುವುದನ್ನು ಅವನಿಂದ ಒಪ್ಪಲಾಗಲಿಲ್ಲ. ಅದೊಂದು ಆಗಕೂಡದು.

ಕಾರ್ಪೆಟ್ಟು ಎದ್ದು ಬಂತು. ಅದರ ಅಡಿಯ ದಪ್ಪ ಹಾಸು ನೆನೆದ ಬ್ರೆಡ್ಡಿನಂತೆ ಕೈಯಲ್ಲೇ ಹರಿದು ಬಂತು. ನೋಡಿದರೆ ಕೆಳಗೆ ನಿಜವಾಗಿಯೂ ತುಕ್ಕಿತ್ತು. ಸುಳ್ಳು ಹೇಳಿ ಸಿಕ್ಕಿಬೀಳದವನ ಸಮಾಧಾನದಿಂದ ಲಿನ್‌ವುಡ್ ಒಬ್ಬನೇ ನಕ್ಕ. ಉಪ್ಪುಕಾಗದದಿಂದ ತಗಡು ಹೊಳೆಯುವವರೆಗೆ ತಿಕ್ಕಿದ, ಥಿನ್ನರಿನಲ್ಲಿ ಒರೆಸಿದ, ಬೋಲ್ಟಿನ ತೂತುಗಳಿಗೆ ಟೇಪು ಅಂಟಿಸಿದ. ಆಮೇಲೆ ರೋಲರು ಅದ್ದಿ ಮೂಲೆಯಿಂದ ಬಾಗಿಲಿನ ಕಡೆಗೆ ಬಳಿಯುತ್ತ ಬಂದ. ಒಂದು ಸಲ ಬಳಿದು ಒಣಗಲು ಬಿಟ್ಟು ಮತ್ತೊಂದು ಸಲ ಬಳಿದ. ಪ್ರತಿ ವಸಂತದಲ್ಲೂ ದೋಣಿಯ ನೆಲಕ್ಕೆ ಹೀಗೆಯೇ ಬಳಿದ ಕೈ. ಬಹಳ ದಿನಗಳ ಮೇಲೆ ಅವನಿಗೆ ಹಸಿವಾಯಿತು.

ಸೀಟು ಕೂರಿಸಿದ ಮೇಲೆ ಏವಿಸಳನ್ನು ಮೆಲ್ಲಗೆ ಅಂಗಳಕ್ಕೆ ಕರೆತಂದ. ಮಾತಿಗಿಂತ ಮಾಡಿ ತೋರಿಸುವುದೇ ವಾಸಿಯೆಂದು ನೀರಿನ ಪೈಪು ತಂದು ಗಾಡಿಯೊಳಕ್ಕೇ ಹಿಡಿದ. ನೀರು ಕಪ್ಪು ನೆಲದ ಮೇಲೆ ಹರಿದು ಬಾಗಿಲಿನಿಂದ ಹೊರಗೆ ಸುರಿಯಿತು.

“ನೋಡಿದ್ಯಾ? ದೋಣಿ ಇದ್ದ ಹಾಗೆ. ಮೀನಿನ ರಕ್ತವೋ ಲೋಳೆಯೋ ಏನು ಬಿದ್ರೂ ಸಂಜೆ ಒಂದು ಸಲ ಪೈಪ್ ಹಿಡಿದ್ರೆ ಮುಗೀತು. ನಾಚ್ಕೆ ಪಡೋದು ಏನಿದೆ?”

ಏವಿಸ್ ನೀರನ್ನೇ ನೋಡಿದಳು. ಅವಳ ತುಟಿ ಅಲುಗಿದ್ದು ಕಂಡು ಅವನು ಬಗ್ಗಿ ಕಿವಿಗೊಟ್ಟ.

“ನಾನೇನು ಲಾಬ್‌ಸ್ಟರ್ ಬೋನಿಗೆ ಹಾಕೋ ಕೊಳೆತ ಮೀನಾ, ಲಿನ್?”

ಅವನು ಪೈಪು ಕೆಳಗಿಟ್ಟ.

“ಬೀದಿಗೆಲ್ಲ ಕಾಣೋ ಹಾಗೆ ಸೀಟ್ ಕಿತ್ತು ಹೊರಗಿಟ್ಟೆ. ಯಾಕೆ ಅಂತ ಕೇಳದೆ ಬಿಡ್ತಾರಾ ಜನ? ಎಲ್ಲರ ಹತ್ರನೂ ಹೇಳಿರ್ತೀಯ. ಒಳಗೆ ಕರ್ಕೊಂಡು ಹೋಗು ನನ್ನ.”

ಯಾರಿಗೂ ಹೇಳಿಲ್ಲ ಎಂದು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳನ್ನು ಒಳಗೆ ಕೂರಿಸಿ ಬಂದು, ನೀರಿನ ನಲ್ಲಿ ನಿಲ್ಲಿಸಿ, ತಾನು ಮಾಡಿದ ಕೆಲಸವನ್ನು ನೋಡುತ್ತ ನಿಂತ. ಚೊಕ್ಕವಾದ ಕೆಲಸವೇ. ಅದನ್ನು ಕಂಡರೆ ಈಗ ಅವನಿಗೆ ಹೇಸಿಗೆಯಾಯಿತು.

ಬುಧವಾರ ಮಧ್ಯಾಹ್ನ ಮರ್ಟನ್ ಮೀನಿನ ಸಾರಿನ ಪಾತ್ರೆ ಹಿಡಿದು ಏವಿಸಳನ್ನು ಬೀಳ್ಕೊಡಲು ಬಂದ. ಬೀಳ್ಕೊಡುವುದು ಹೇಗೆಂದು ತಿಳಿಯದೆ ಹವಾಮಾನದ ಬಗ್ಗೆ ಮಾತಾಡಿದ, ಸಮುದ್ರದ ಬಗ್ಗೆ ಮಾತಾಡಿದ, ಕಡೆಗೆ ಗಾಡಿಯ ಸುದ್ದಿಗೆ ಬಂದ.

“ನಿನ್ನ ಗಂಡನಿಗೆ ತುಕ್ಕಿನ ಹುಚ್ಚು ಹಿಡಿದಿದೆ ಮಾರಾಯ್ತಿ. ಅಂಗಡೀಲಿ ಕೇಳಿದ್ರೂ ತುಕ್ಕು, ಚರ್ಚಲ್ಲಿ ಕೇಳಿದ್ರೂ ತುಕ್ಕು. ಪಾದ್ರಿಗೂ ಅದೇ ಪುರಾಣ. ‘ಕಾರ್ಪೆಟ್ ಯಾಕಯ್ಯ ಕಿತ್ತೆ’ ಅಂದ್ರೆ ತುಕ್ಕು ಬಿಟ್ಟು ಬೇರೆ ಮಾತಿಲ್ಲ. ಅಷ್ಟೊಂದು ಇತ್ತಾ?”

ಏವಿಸ್ ತಲೆಯೆತ್ತಿ ನೋಡಿದಳು. ಲಿನ್‌ವುಡ್ ಬೆನ್ನು ಹಾಕಿ ನಿಂತು ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದ. ಅವನ ಕಿವಿಗಳು ಕೆಂಪಾಗಿದ್ದವು.

“ಇತ್ತು,” ಎಂದಳು ಅವಳು, ಮರ್ಟನನಿಗೆ ಕೇಳಿಸುವಷ್ಟು ಜೋರಾಗಿ, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ. “ತುಂಬಾ ಇತ್ತು.”

ಮರ್ಟನ್ ಹೋದ ಮೇಲೆ ಗಂಡನನ್ನು ಹತ್ತಿರ ಕರೆದಳು. “ಆ ವ್ಯಾನಿನವರಿಗೆ ಫೋನ್ ಮಾಡು. ಬರೋದು ಬೇಡ ಅನ್ನು.”

ಗುರುವಾರ ಬೆಳಿಗ್ಗೆ ಮೆಟ್ಟಿಲಿಗೊಂದು ಹಾಲಿನ ಕ್ರೇಟು ಬೋರಲು ಹಾಕಿ, ಅವಳನ್ನು ತಬ್ಬಿ ಎತ್ತಿ ಸೀಟಿನಲ್ಲಿ ಕೂರಿಸಿದ. ಬೆನ್ನು ನೋವು ಬಂದಿದ್ದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಬಟ್ಟೆಯ ಪೆಟ್ಟಿಗೆ ಇಬ್ಬರ ನಡುವೆ ಇತ್ತು. ಗಾಡಿ ಡಾಂಬರು ರಸ್ತೆಗೆ ಏರಿತು.

ಆಗ ಶುರುವಾಯಿತು ಸದ್ದು. ಕಾರ್ಪೆಟ್ಟೂ ಅದರಡಿಯ ಹಾಸೂ ಇಷ್ಟು ವರ್ಷ ಏನನ್ನು ತಡೆದುಕೊಂಡಿದ್ದವೆಂದು ಅವನು ಯೋಚಿಸಿರಲೇ ಇಲ್ಲ. ಟಯರಿನ ಮೊರೆತ, ಇಂಜಿನ್ನಿನ ಅರಚಾಟ, ತಗಡಿಗೆ ಬಡಿಯುವ ಕಲ್ಲು ಎಲ್ಲವೂ ಕಾಲಡಿಯಿಂದ ನೇರ ಮೇಲಕ್ಕೆ ಬಂದು ಗಾಡಿಯನ್ನು ತುಂಬಿದವು. ಕೂಗಿದರೂ ಕೇಳದು. ಇದೊಂದು ಕೊನೆಯ ದಾರಿಯಲ್ಲಿ ಅವಳ ನಾಲ್ಕು ಮಾತು ಕೇಳುವ ಆಸೆ ಅವನಿಗಿತ್ತು. ಅದನ್ನೂ ತನ್ನ ಕೈಯಾರೆ ಕಿತ್ತು ಬಿಸಾಡಿದ್ದ.

ಮೀನನ್ನು ಡಬ್ಬಿಗೆ ತುಂಬುವ ಹಳೆಯ ಕಾರ್ಖಾನೆ ದಾಟುವಾಗ ಓರೆಗಣ್ಣಿನಲ್ಲಿ ನೋಡಿದರೆ ಏವಿಸಳ ತುಟಿಗಳು ಅಲುಗುತ್ತಿದ್ದವು. ಒಂದೆರಡು ಮಾತಲ್ಲ. ರಸ್ತೆಯನ್ನೇ ನೋಡುತ್ತ ಅವಳು ಒಂದೇ ಸಮನೆ ಮಾತಾಡುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು. ಅವನು ಗಾಡಿಯನ್ನು ರಸ್ತೆಯ ಅಂಚಿಗೆ ತಂದು ಇಂಜಿನ್ ಆರಿಸಿದ.

“ಏನಂದೆ ಏವಿಸ್? ಈ ಹಾಳು ಸದ್ದಿನಲ್ಲಿ ಒಂದೂ ಕೇಳಿಸಲಿಲ್ಲ. ಈಗ ಹೇಳು.”

ಅವಳು ಅವನ ಕಡೆ ತಿರುಗಿದಳು. ಅವನು ಬಗ್ಗಿದ.

“ನಿನಗೆ ಕೇಳಿಸಲಿ ಅಂತ ಹೇಳಿದ್ದಲ್ಲ,” ಎಂದಳು.

ಅವಳು ನಡುಗುವ ಕೈಯಿಂದ ಅವನ ಮೊಣಕೈಯನ್ನು ಮೆಲ್ಲಗೆ ದೂಡಿದಳು.

“ಹೊರಡು. ಹೇಳೋದು ಇನ್ನೂ ಸ್ವಲ್ಪ ಬಾಕಿ ಇದೆ.”

ಲಿನ್‌ವುಡ್ ಇಂಜಿನ್ ಹಚ್ಚಿದ. ಸೇತುವೆಯ ಬಳಿ ಎಡಕ್ಕೆ ಹೊರಳಿದರೆ ಆರೈಕೆ ಕೇಂದ್ರ. ಅವನು ಹೊರಳಲಿಲ್ಲ, ಸುತ್ತುಬಳಸಿನ ಕಡಲ ದಂಡೆಯ ರಸ್ತೆ ಹಿಡಿದ. ಗಾಡಿ ಎರಡನೆಯ ಗೇರಿನಲ್ಲಿ ಅರಚುತ್ತಿತ್ತು. ಮೂರಕ್ಕೆ ಹಾಕಿದರೆ ಸದ್ದು ತಗ್ಗುತ್ತಿತ್ತು. ಅವನು ಹಾಕಲಿಲ್ಲ, ಪಕ್ಕಕ್ಕೂ ನೋಡಲಿಲ್ಲ.